ಮೊದಲು ಹೊಲ ಹದ ಮಾಡೋಣ: ಎಲ್‌ವಿಎಂಗೆ ಡಿಸ್ಕು ಸಿದ್ಧ ಮಾಡೋ ಬಗೆ

(ನೈರೋಬಿಯಲ್ಲಿ ಕನ್ನಡಿಗರು ಒಂದು ಶನಿವಾರ ಸೇರಿದ್ದಾಗ ಆಡಿದ ಮಾತುಗಳ ಬರಹರೂಪ ಇದು. ಬೇರೆ ಊರುಗಳಲ್ಲಿರೋ ಗೆಳೆಯರಿಗೂ ಉಪಯೋಗ ಆಗಲಿ ಅಂತ ಇಲ್ಲಿ ಹಾಕಿದ್ದೀವಿ. ಓದಿ, ನಿಮ್ಮೂರಿನ ಕೂಟಕ್ಕೂ ಕಳಿಸಿ.)



ಕನ್ನಡದ ಕೂಟದಲ್ಲಿ ಹಾರ್ಡ್ ಡಿಸ್ಕ್ ಬಗ್ಗೆ ಭಾಷಣ ಏನು ಗುರು ಅಂತ ಕೆಲವರಿಗೆ ಅನ್ನಿಸಿರಬಹುದು. ಒಂದು ಪ್ರಶ್ನೆ ಕೇಳ್ತೀನಿ. ಹತ್ತು ವರ್ಷದ ಹಿಂದಿನ ರಾಜ್ಯೋತ್ಸವದ ವಿಡಿಯೋ ಈಗ ಎಲ್ಲಿದೆ? ಮಕ್ಕಳು ಆಡಿದ ನಾಟಕದ ರೆಕಾರ್ಡಿಂಗು? ಈ ದೇಶಕ್ಕೆ ನಮಗಿಂತ ಮೊದಲು ಬಂದ ಹಿರಿಯರು ಮೈಕ್ ಹಿಡಿದು ಆಡಿದ ಮಾತುಗಳು? ಉತ್ತರ ಯಾವ ಊರಲ್ಲಿ ಕೇಳಿದರೂ ಒಂದೇ. ಯಾರದೋ ಲ್ಯಾಪ್‌ಟಾಪಿನಲ್ಲಿ, ಯಾರದೋ ಪೆನ್ ಡ್ರೈವಿನಲ್ಲಿ. ನಾವು ಹೊರದೇಶದಲ್ಲಿರೋರು. ಮೂರು ವರ್ಷದ ಕಾಂಟ್ರ್ಯಾಕ್ಟ್ ಮುಗೀತು ಅಂದ್ರೆ ಆ ಮನೆಯವರು ದುಬೈಗೋ ಬೆಂಗಳೂರಿಗೋ ಹೊರಡ್ತಾರೆ. ಅವರ ಜೊತೆ ಲ್ಯಾಪ್‌ಟಾಪೂ ಹೊರಡುತ್ತೆ, ಅದರೊಳಗಿನ ನಮ್ಮ ಹತ್ತು ವರ್ಷವೂ ಹೊರಡುತ್ತೆ.

"ಇಂಟರ್ನೆಟ್‌ನಲ್ಲಿ ಹಾಕಿದ್ದೀವಲ್ಲ!"

ಹೌದು, ಹಾಕಿದ್ದೆವು. ಜಿಯೋಸಿಟೀಸ್‌ನಲ್ಲಿ ಕನ್ನಡದ ಪುಟ ಮಾಡಿದವರು ಎಷ್ಟು ಜನ? ಅದು 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಆರ್ಕುಟ್ ಕಮ್ಯೂನಿಟಿಗಳಲ್ಲಿ ರಾತ್ರಿಯೆಲ್ಲಾ ಕನ್ನಡಕ್ಕಾಗಿ ವಾದ ಮಾಡಿದೆವು. ಅದು 2014ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಇನ್ನು ಹೊರನಾಡ ಕನ್ನಡಿಗರ ಮಿಂಚೆ ಗುಂಪುಗಳು ಎಷ್ಟೋ ಬೆಳೆದದ್ದು ಯಾಹೂ ಗ್ರೂಪ್ಸ್‌ನಲ್ಲಿ. 2019ರ ಕೊನೆಗೆ ಅಲ್ಲಿನ ಹಳೇ ಕಡತ ತೆಗೀತೀವಿ ಅಂತ ಪ್ರಕಟಣೆ ಬಂತು, 2020ರ ಡಿಸೆಂಬರ್ 15ಕ್ಕೆ ಇಡೀ ಸೇವೆಗೇ ಬೀಗ ಬಿತ್ತು. ಡೌನ್‌ಲೋಡ್ ಮಾಡಿಕೊಂಡವರ ಹತ್ತಿರ ಉಳಿಯಿತು, ಉಳಿದದ್ದು ಹೋಯಿತು. ಯಾರ ಮೇಲೂ ಕೋಪ ಬೇಡ. ಬಾಡಿಗೆ ಮನೆ ಬಾಡಿಗೆ ಮನೆಯೇ, ಮಾಲೀಕ ಬಿಡಿ ಅಂದ ದಿನ ಬಿಡಬೇಕು.

ನೈರೋಬಿಯವರಿಗೆ ಇನ್ನೊಂದು ಮಾತು ಹೇಳಲೇಬೇಕಾಗಿಲ್ಲ. 2009ರಲ್ಲಿ ಮೊಂಬಾಸಾಕ್ಕೆ ಸಮುದ್ರದಡಿಯ ಕೇಬಲ್ ಬಂದ ಮೇಲೆ ಇಲ್ಲಿನ ಇಂಟರ್ನೆಟ್ ಬದುಕೇ ಬದಲಾಯಿತು, ನಿಜ. ಆದರೆ 2024ರ ಮೇ ತಿಂಗಳಲ್ಲಿ ಈಸಿ ಮತ್ತು ಸೀಕಾಮ್ ಕೇಬಲ್‌ಗಳು ತುಂಡಾದಾಗ ಇಡೀ ಪೂರ್ವ ಆಫ್ರಿಕಾ ತೆವಳಿತು. ಅದಕ್ಕೇ ಕ್ಲೌಡ್ ಒಂದು ನಕಲಿಗೆ ಇರಲಿ, ಮೂಲ ನಮ್ಮ ಕೈಲಿರಲಿ ಅನ್ನೋದು ನನ್ನ ವಾದ. ಒಂದು ಸಣ್ಣ ಲಿನಕ್ಸ್ ಮಷೀನು, ಚಂದಾ ಸೇರಿದ ಹಾಗೆ ಕೊಳ್ಳೋ ಡಿಸ್ಕುಗಳು, ಇನ್ನೊಂದು ಊರಿನಲ್ಲಿ ಒಂದು ನಕಲು. ಇಷ್ಟು ಸಾಕು. ಡಿಸ್ಕುಗಳು ಒಂದೇ ಸಲ ಬರೋದಿಲ್ಲ, ಬಂದಾಗಲೆಲ್ಲಾ ಸೇರಿಸಿಕೊಳ್ಳೋ ಹಾಗಿರಬೇಕು. ಅದಕ್ಕೆ ಬೇಕಾಗಿರೋದು ಎಲ್‌ವಿಎಂ, ಅಂದರೆ ಲಾಜಿಕಲ್ ವಾಲ್ಯೂಮ್ ಮ್ಯಾನೇಜ್‌ಮೆಂಟು. ಎಚ್‌ಪಿ ಯುಎಕ್ಸ್‌ನ ಏರ್ಪಾಡನ್ನ ಮಾದರಿಯಾಗಿಟ್ಟುಕೊಂಡು ಹೈಂಜ್ ಮೌಯೆಲ್‌ಶಾಗನ್ ಅನ್ನೋರು 1998ರಲ್ಲಿ ಲಿನಕ್ಸಿಗೆ ಇದನ್ನ ಬರೆದರು. ದುಡ್ಡು ಕೊಡಬೇಕಾಗಿಲ್ಲ, ಲೈಸೆನ್ಸ್ ತಲೆನೋವಿಲ್ಲ.

ಇದನ್ನ ಕನ್ನಡದಲ್ಲೇ ಹೇಳ್ತಿರೋದಕ್ಕೂ ಕಾರಣ ಇದೆ. ಹಬ್ಬಕ್ಕೆ ಕನ್ನಡ, ಕೆಲಸಕ್ಕೆ ಇಂಗ್ಲಿಷ್ ಅಂತ ನಾವೇ ಬೇಲಿ ಹಾಕಿಕೊಂಡರೆ ನುಡಿ ಬರೀ ಹಬ್ಬದ ಬಟ್ಟೆ ಆಗಿಬಿಡುತ್ತೆ. ಡಿಸ್ಕಿಗೆ ಡಿಸ್ಕು ಅಂತಲೇ ಅನ್ನೋಣ, ಹೊಸ ಪದ ಹುಡುಕ್ತಾ ಕೂರೋದು ಬೇಡ. ಆದರೆ ಯೋಚನೆ ಕನ್ನಡದಲ್ಲಿ ಓಡಲಿ.

ಬದು ಮತ್ತು ಒಟ್ಟು ಕುಟುಂಬ

ಪಾರ್ಟಿಷನ್ ಅಂದ್ರೆ ಹೊಲಕ್ಕೆ ಹಾಕಿದ ಬದು. ಅಣ್ಣನ ಪಾಲಿನಲ್ಲಿ ಜಾಗ ಖಾಲಿ ಬಿದ್ದಿದ್ದರೂ ತಮ್ಮನ ರಾಗಿಗೆ ಜಾಗ ಸಾಲದೇ ಹೋಗಬಹುದು, ಬದು ಸರಿಸೋದು ಸುಲಭ ಅಲ್ಲ. ಫೋಟೋ ಪಾರ್ಟಿಷನ್ ತುಂಬಿತು, ಪಕ್ಕದ ವಿಡಿಯೋ ಪಾರ್ಟಿಷನ್ ಖಾಲಿ. ನಮಗೆಲ್ಲಾ ಗೊತ್ತಿರೋ ಗೋಳು.

ಎಲ್‌ವಿಎಂ ಅಂದ್ರೆ ಒಟ್ಟು ಕುಟುಂಬದ ಜಮೀನು. ಒಂದೊಂದು ಡಿಸ್ಕೂ ಒಂದೊಂದು ಸರ್ವೆ ನಂಬರು, ಅದಕ್ಕೆ ಫಿಸಿಕಲ್ ವಾಲ್ಯೂಮ್ ಅಂತ ಹೆಸರು. ಎಲ್ಲಾ ಸೇರಿ ಕುಟುಂಬದ ಒಟ್ಟು ಆಸ್ತಿ, ಅದು ವಾಲ್ಯೂಮ್ ಗ್ರೂಪ್. ಅದರಿಂದ ಯಾವ ಬೆಳೆಗೆ ಎಷ್ಟು ಬೇಕೋ ಅಷ್ಟು ಕೊಟ್ಟರೆ ಅದು ಲಾಜಿಕಲ್ ವಾಲ್ಯೂಮ್. ಅಳೆಯೋದು ಗುಂಟೆ ಲೆಕ್ಕದಲ್ಲಿ. ಇಲ್ಲಿ ಗುಂಟೆಗೆ ಎಕ್ಸ್‌ಟೆಂಟ್ ಅಂತಾರೆ, ಸುಮ್ಮನೆ ಬಿಟ್ಟರೆ ಒಂದು ಎಕ್ಸ್‌ಟೆಂಟು 4 ಮೆಬಿಬೈಟು. 4 ಟೆರಾಬೈಟಿನ ಡಿಸ್ಕಿನಲ್ಲಿ ಸುಮಾರು 9 ಲಕ್ಷ 53 ಸಾವಿರ ಗುಂಟೆ ಸಿಗುತ್ತೆ. ಒಂದು ಬೆಳೆಯ ಗುಂಟೆಗಳು ಒಂದೇ ಹೊಲದಲ್ಲಿ ಇರಬೇಕು ಅಂತೇನೂ ಇಲ್ಲ. ಯಾವ ಗುಂಟೆ ಯಾರಿಗೆ ಅನ್ನೋ ಪಹಣಿ ಮಾತ್ರ ಸರಿಯಾಗಿರಬೇಕು. ಆ ಪಹಣಿಗೆ ಮೆಟಾಡೇಟಾ ಅಂತ ಹೆಸರು.

ಇಷ್ಟು ತಲೆಗೆ ಬಂದರೆ ಉಳಿದದ್ದು ಸುಲಭ. ಆದರೆ ಬಿತ್ತೋ ಮುಂಚೆ ಹೊಲ ಹದ ಆಗಬೇಕು. ಕಡತ ಕಳೆದುಹೋಗೋದು ಬಹುಮಟ್ಟಿಗೆ ಈ ಹದ ಮಾಡೋ ಹಂತದಲ್ಲೇ.

1. ಹೊಲ ಯಾವುದು ಅಂತ ಮೊದಲು ಗುರುತಿಸಿ

ಲಿನಕ್ಸ್ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ ಅಂತ ಹೆಸರು ಕೊಡುತ್ತೆ. ಈ ಹೆಸರು ಖಾಯಂ ಅಲ್ಲ! ಇವತ್ತಿನ ಎಸ್‌ಡಿಬಿ ನಾಳೆ ಮಷೀನು ಮತ್ತೆ ಶುರು ಮಾಡಿದಾಗ ಎಸ್‌ಡಿಸಿ ಆಗಬಹುದು. ಅದಕ್ಕೇ ಎಲ್‌ಎಸ್‌ಬ್ಲಾಕ್ ಕಮ್ಯಾಂಡಿನಲ್ಲಿ ಗಾತ್ರ, ಮಾಡೆಲ್, ಸೀರಿಯಲ್ ನಂಬರ್ ಮೂರನ್ನೂ ತೋರಿಸೋಕೆ ಹೇಳಿ. ಆ ಸೀರಿಯಲ್ ನಂಬರನ್ನ ಡಿಸ್ಕಿನ ಮೇಲಿನ ಚೀಟಿಯ ಜೊತೆ ಕಣ್ಣಾರೆ ಹೋಲಿಸಿ. ಎರಡು ನಿಮಿಷದ ಕೆಲಸ, ಆದರೆ ಪಕ್ಕದವರ ಹೊಲ ಉತ್ತು ಹಾಕೋದನ್ನ ತಪ್ಪಿಸುತ್ತೆ.

ಲುಥುಲಿ ಅವೆನ್ಯೂನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತಲೋ, ಯಾರೋ ಹಳೇ ಡೆಸ್ಕ್‌ಟಾಪಿನಿಂದ ಬಿಚ್ಚಿ ಕೊಟ್ಟರು ಅಂತಲೋ ತಂದ ಡಿಸ್ಕಾದರೆ ಮೊದಲು ಸ್ಮಾರ್ಟ್ ವರದಿ ನೋಡಿ. ಸ್ಮಾರ್ಟ್‌ಸಿಟಿಎಲ್ ಅನ್ನೋ ಸಾಧನ ಅದನ್ನ ಓದಿ ಹೇಳುತ್ತೆ. ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಅನ್ನೋ ಎರಡು ಸಾಲು ಸೊನ್ನೆ ಇರಬೇಕು. ಆಮೇಲೆ ಲಾಂಗ್ ಟೆಸ್ಟ್ ಹಚ್ಚಿ. ದೊಡ್ಡ ಡಿಸ್ಕಾದರೆ ಗಂಟೆಗಟ್ಟಲೆ ಹಿಡಿಯುತ್ತೆ, ರಾತ್ರಿ ಬಿಟ್ಟು ಮಲಗಿ. ಪೆಂಡಿಂಗ್ ಸಂಖ್ಯೆ ಏರ್ತಾ ಇರೋ ಡಿಸ್ಕನ್ನ ಕುಟುಂಬಕ್ಕೆ ಸೇರಿಸಿಕೊಳ್ಳಬೇಡಿ, ಪುಕ್ಕಟೆ ಸಿಕ್ಕಿದರೂ ಬೇಡ.

2. ಹಳೇ ಬೆಳೆ ಇದೆಯಾ ನೋಡಿ

ಡಿಸ್ಕಿನಲ್ಲಿ ಏನಿದೆ ಅಂತ ನೋಡೋದಕ್ಕೆ ವೈಪ್‌ಎಫ್‌ಎಸ್ ಒಳ್ಳೇದು. ಬರೀ ಡಿಸ್ಕಿನ ಹೆಸರು ಕೊಟ್ಟರೆ ಅದು ಏನನ್ನೂ ಅಳಿಸೋದಿಲ್ಲ, ಇರೋ ಗುರುತುಗಳನ್ನ ಪಟ್ಟಿ ಮಾಡುತ್ತೆ ಅಷ್ಟೆ. ಹಳೇ ಫೈಲುಗಳಿದ್ದರೆ ಓದೋಕೆ ಮಾತ್ರ ಅನ್ನೋ ರೀತಿ ಮೌಂಟ್ ಮಾಡಿ, ನಕಲು ತೆಗೆದು, ಎರಡೂ ಕಡೆಯ ಶಾ 256 ಮೊತ್ತ ಹೋಲಿಸಿ. ಹೊಂದಿಕೆಯಾದ ಮೇಲೆ ಮಾತ್ರ ಅಳಿಸೋ ಮಾತು.

ಅಳಿಸೋವಾಗ ಬರೀ ಮೊದಲ ಸೆಕ್ಟರಿಗೆ ಸೊನ್ನೆ ಬರೆದರೆ ಸಾಲದು. ಜಿಪಿಟಿ ಅನ್ನೋ ಹೊಸ ಪಾರ್ಟಿಷನ್ ಪಟ್ಟಿ ತನ್ನ ಒಂದು ನಕಲನ್ನ ಡಿಸ್ಕಿನ ಕೊನೆಯಲ್ಲೂ ಇಟ್ಟಿರುತ್ತೆ. ವೈಪ್‌ಎಫ್‌ಎಸ್‌ಗೆ ಎಲ್ಲವನ್ನೂ ಅಳಿಸು ಅಂದರೆ ಎರಡೂ ಕಡೆ ಅಳಿಸುತ್ತೆ. ಒಂದು ಎಚ್ಚರಿಕೆ: ಇದು ಅಳಿಸೋದು ಗುರುತುಗಳನ್ನ, ಒಳಗಿನ ಫೈಲುಗಳನ್ನಲ್ಲ. ಡಿಸ್ಕನ್ನ ಬೇರೆಯವರಿಗೆ ಮಾರೋದಾದರೆ ಇಡೀ ಡಿಸ್ಕಿನ ಮೇಲೆ ಬರೆದು ಹಾಕಬೇಕು.

3. ಇಡೀ ಡಿಸ್ಕೋ, ಒಂದು ಪಾರ್ಟಿಷನ್ನೋ?

ಪಾರ್ಟಿಷನ್ನೇ ಇಲ್ಲದೆ ಇಡೀ ಡಿಸ್ಕನ್ನ ನೇರವಾಗಿ ಎಲ್‌ವಿಎಂಗೆ ಕೊಡಬಹುದು. ಆಗ ಅದರ ಮೇಲೆ ಯಾವ ಪಾರ್ಟಿಷನ್ ಪಟ್ಟಿಯೂ ಇರಬಾರದು, ಇದ್ದರೆ ಪಿವಿಕ್ರಿಯೇಟ್ ಒಪ್ಪೋದಿಲ್ಲ. ದೊಡ್ಡ ಡೇಟಾ ಸೆಂಟರಿನಲ್ಲಿ ಹಾಗೆ ಮಾಡೋರುಂಟು. ಆದರೆ ನಮ್ಮಂಥ ಕೂಟಗಳಿಗೆ ಅದು ಬೇಡ ಅಂತೀನಿ. ಕಾರಣ ಸರಳ. ನಾಳೆ ಯಾರೋ ಒಬ್ಬರು ಒಳ್ಳೇ ಮನಸ್ಸಿನಿಂದಲೇ ಆ ಡಿಸ್ಕನ್ನ ಮನೆಗೆ ಒಯ್ದು ವಿಂಡೋಸ್ ಲ್ಯಾಪ್‌ಟಾಪಿಗೆ ಚುಚ್ಚುತ್ತಾರೆ. ಪಟ್ಟಿ ಇಲ್ಲದ ಡಿಸ್ಕು ವಿಂಡೋಸ್ ಕಣ್ಣಿಗೆ ಹೊಚ್ಚ ಹೊಸದು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಇನಿಷಿಯಲೈಸ್ ಮಾಡಲಾ ಅಂತ ಕೇಳುತ್ತೆ. ಅವರು ಸರಿ ಅಂತ ಒತ್ತುತ್ತಾರೆ. ಎಲ್‌ವಿಎಂ ಗುರುತು ಇರೋದು ಡಿಸ್ಕಿನ ಮೊದಮೊದಲ ಸೆಕ್ಟರುಗಳಲ್ಲೇ, ಹೊಸ ಪಟ್ಟಿ ಬರೆಯೋದೂ ಅಲ್ಲೇ. ಮುಂದಿನದು ನೀವೇ ಊಹಿಸಿ.

ಅದಕ್ಕೇ ಡಿಸ್ಕಿನ ಉದ್ದಕ್ಕೂ ಒಂದೇ ಒಂದು ಪಾರ್ಟಿಷನ್ ಮಾಡಿ, ಅದನ್ನ ಎಲ್‌ವಿಎಂಗೆ ಕೊಡಿ. ಆಗ ಯಾವ ಮಷೀನಿಗೆ ಹಾಕಿದರೂ ಈ ಜಾಗಕ್ಕೆ ವಾರಸುದಾರರಿದ್ದಾರೆ ಅನ್ನೋದು ಕಾಣುತ್ತೆ.

ಒಂದೇ ಡಿಸ್ಕಿನಲ್ಲಿ ಎರಡು ಮೂರು ಪಾರ್ಟಿಷನ್ ಮಾಡಿ ಎಲ್ಲವನ್ನೂ ಒಂದೇ ಗ್ರೂಪಿಗೆ ಸೇರಿಸೋದು ಬೇಡ. ಎಲ್‌ವಿಎಂ ಕಣ್ಣಿಗೆ ಅವು ಬೇರೆ ಬೇರೆ ಹೊಲ. ಎರಡು ಕಡೆ ನಕಲು ಇಡು ಅಂದರೆ ಆ ಎರಡು ಪಾರ್ಟಿಷನ್‌ನಲ್ಲೇ ಇಟ್ಟು ಕೆಲಸ ಆಯ್ತು ಅನ್ನಬಹುದು. ಡಿಸ್ಕು ಸತ್ತ ದಿನ ಎರಡೂ ಒಟ್ಟಿಗೆ ಸಾಯುತ್ತವೆ.

4. ಎಂಬಿಆರ್ ಬೇಡ, ಜಿಪಿಟಿ ಇರಲಿ

ಹಳೇ ಎಂಬಿಆರ್ ಪಟ್ಟಿ ಸೆಕ್ಟರಿನ ಸಂಖ್ಯೆಯನ್ನ 32 ಬಿಟ್‌ನಲ್ಲಿ ಬರೆಯುತ್ತೆ. ಒಂದು ಸೆಕ್ಟರಿಗೆ 512 ಬೈಟ್ ಅಂದರೆ ಒಟ್ಟು 2 ಟೆಬಿಬೈಟಿಗೆ ಲೆಕ್ಕ ಮುಗೀತು. 4 ಟೆರಾಬೈಟಿನ ಡಿಸ್ಕು ಕೊಂಡು ಎಂಬಿಆರ್ ಹಾಕಿದರೆ ಹೆಚ್ಚುಕಮ್ಮಿ ಅರ್ಧ ಹೊಲ ಬೀಳು. ಜಿಪಿಟಿಗೆ ಆ ತೊಂದರೆ ಇಲ್ಲ.

ಪಾರ್ಟಿಷನ್‌ಗೆ ಇದು ಎಲ್‌ವಿಎಂ ಅನ್ನೋ ಗುರುತನ್ನೂ ಹಾಕಿ. ಎಂಬಿಆರ್‌ನಲ್ಲಿ ಅದರ ಸಂಕೇತ 8ಇ, ಜಿಡಿಸ್ಕ್ ಸಾಧನದಲ್ಲಿ 8ಇ00, ಪಾರ್ಟೆಡ್‌ನಲ್ಲಿ ಎಲ್‌ವಿಎಂ ಅನ್ನೋ ಫ್ಲ್ಯಾಗ್ ಆನ್ ಮಾಡಿದರಾಯಿತು. ಈ ಗುರುತು ಇಲ್ಲದಿದ್ದರೂ ಎಲ್‌ವಿಎಂ ಕೆಲಸ ಮಾಡುತ್ತೆ. ಆದರೆ ಗುರುತು ಬೇಕಾಗಿರೋದು ಯಂತ್ರಕ್ಕಿಂತ ಹೆಚ್ಚಾಗಿ ಐದು ವರ್ಷದ ಮೇಲೆ ಇದನ್ನ ತೆರೆದು ನೋಡೋ, ನಮಗೆ ಪರಿಚಯವೇ ಇಲ್ಲದ ಇನ್ನೊಬ್ಬ ಕನ್ನಡಿಗನಿಗೆ.

5. ಬದು ಎಲ್ಲಿಂದ ಶುರು?

ಹಳೇ ಸಾಧನಗಳು ಮೊದಲ ಪಾರ್ಟಿಷನ್ನನ್ನ 63ನೇ ಸೆಕ್ಟರಿನಿಂದ ಶುರು ಮಾಡ್ತಿದ್ದವು. ಈಗಿನ ಡಿಸ್ಕುಗಳು ಒಳಗೆ ಬರೆಯೋದು ಸಾಮಾನ್ಯವಾಗಿ 4096 ಬೈಟಿನ ತುಂಡುಗಳಲ್ಲಿ. 63 ಗುಣಿಸು 512 ಅಂದರೆ 32,256. ಇದನ್ನ 4096ರಿಂದ ಭಾಗಿಸಿ ನೋಡಿ, ಸಮವಾಗಿ ಬರೋದಿಲ್ಲ. ಹಾಗಾದಾಗ ಒಂದು ತುಂಡು ಬರೆಯೋಕೆ ಡಿಸ್ಕು ಎರಡು ತುಂಡು ಮುಟ್ಟಬೇಕು, ಬರೆಯೋ ವೇಗ ಬೀಳುತ್ತೆ. ಈಗಿನ ಸಾಧನಗಳು 2048ನೇ ಸೆಕ್ಟರಿನಿಂದ, ಅಂದರೆ ಸರಿಯಾಗಿ 1 ಮೆಬಿಬೈಟಿನಿಂದ ಶುರು ಮಾಡ್ತವೆ. ಅದನ್ನ ಹಾಗೇ ಬಿಡಿ.

6. ಸರ್ವೆ ಕಲ್ಲು ನೆಡೋದು

ಈಗ ಪಿವಿಕ್ರಿಯೇಟ್. ಇದು ಪಾರ್ಟಿಷನ್‌ನ ಎರಡನೇ ಸೆಕ್ಟರಿನಲ್ಲಿ ಒಂದು ಲೇಬಲ್ ಬರೆದು, ಬೇರೆಲ್ಲೂ ಇಲ್ಲದ ಒಂದು ಯುಯುಐಡಿ ಕೊಡುತ್ತೆ. ಇದೇ ಸರ್ವೆ ಕಲ್ಲು. ಎಲ್‌ವಿಎಂ ತನ್ನ ಹೊಲ ಕಂಡುಹಿಡಿಯೋದು ಈ ಯುಯುಐಡಿಯಿಂದ, ಎಸ್‌ಡಿಬಿ ಅನ್ನೋ ಹೆಸರಿಂದ ಅಲ್ಲ.

ಪಿವಿಕ್ರಿಯೇಟ್ ಮಾಡೋವಾಗ "ಇಲ್ಲಿ ಇಎಕ್ಸ್‌ಟಿ4 ಗುರುತು ಇದೆ, ಅಳಿಸಲಾ?" ಅನ್ನೋ ಅರ್ಥದ ಪ್ರಶ್ನೆ ಬಂದರೆ ಕೈ ಕೀಬೋರ್ಡಿನಿಂದ ತೆಗೆಯಿರಿ. ಮೊದಲ ಹೆಜ್ಜೆಗೆ ವಾಪಸ್ ಹೋಗಿ ಸೀರಿಯಲ್ ನಂಬರ್ ನೋಡಿ. ಆ ಪ್ರಶ್ನೆ ಬರೋದು ನಿಮ್ಮನ್ನ ಕಾಪಾಡೋದಕ್ಕೆ.

ಆಮೇಲೆ ವಿಜಿಕ್ರಿಯೇಟ್‌ನಿಂದ ಗ್ರೂಪು ಮಾಡಿ, ಎಲ್‌ವಿಕ್ರಿಯೇಟ್‌ನಿಂದ ಪಾಲು ಕೊಡಿ. ಮೊದಲ ದಿನವೇ ಇದ್ದಬದ್ದ ಗುಂಟೆಯೆಲ್ಲಾ ಹಂಚಬೇಡಿ! ಬೇಕಾದಾಗ ಎಲ್‌ವಿಎಕ್ಸ್‌ಟೆಂಡ್‌ನಿಂದ ಬೆಳೆಸಬಹುದು, ಅದಕ್ಕೇ ಹೇಳಿದರೆ ಮೇಲಿನ ಫೈಲ್ ಸಿಸ್ಟಮ್ಮನ್ನೂ ಜೊತೆಗೇ ಬೆಳೆಸುತ್ತೆ. ಕುಗ್ಗಿಸೋದು ಕಷ್ಟ. ಇಎಕ್ಸ್‌ಟಿ4 ಕುಗ್ಗಿಸೋಕೆ ಅನ್‌ಮೌಂಟ್ ಮಾಡಬೇಕು. ಎಕ್ಸ್‌ಎಫ್‌ಎಸ್ ಆದರೆ ಹಾಗೆ ಕುಗ್ಗಿಸೋ ದಾರಿಯನ್ನೇ ನೆಚ್ಚಿಕೊಳ್ಳಬೇಡಿ.

ಡಿಸ್ಕನ್ನ ಬೇರೆ ಮಷೀನಿಗೆ ಒಯ್ದಾಗ ಗ್ರೂಪು ಕಾಣಲಿಲ್ಲ ಅಂತ ಗಾಬರಿಯಾಗಬೇಡಿ. ರೆಡ್ ಹ್ಯಾಟ್ 9ರಂಥ ಈಚಿನ ಲಿನಕ್ಸ್‌ಗಳಲ್ಲಿ ಎಲ್‌ವಿಎಂ ತನಗೆ ಹೇಳಿದ ಡಿಸ್ಕುಗಳನ್ನ ಮಾತ್ರ ನೋಡುತ್ತೆ. ಎಲ್‌ವಿಎಂಡಿವೈಸಸ್ ಕಮ್ಯಾಂಡಿನಿಂದ ಹೊಸ ಡಿಸ್ಕನ್ನ ಪಟ್ಟಿಗೆ ಸೇರಿಸಿ.

ಹೆಸರು ಕನ್ನಡದಲ್ಲಿ ಇಡಬಹುದಾ?

ಇದು ನಮ್ಮ ಬಳಗದ ಪ್ರಶ್ನೆ! ಗ್ರೂಪಿನ ಹೆಸರು, ವಾಲ್ಯೂಮಿನ ಹೆಸರು ಕನ್ನಡ ಲಿಪಿಯಲ್ಲಿ ಇಡೋಕೆ ಎಲ್‌ವಿಎಂ ಬಿಡೋದಿಲ್ಲ. ರೋಮನ್ ಅಕ್ಷರ, ಅಂಕಿ ಮತ್ತು ನಾಲ್ಕೇ ನಾಲ್ಕು ಚಿಹ್ನೆ, ಅಷ್ಟೆ. ಆದರೆ ಮೇಲಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ಮಿನ ಲೇಬಲ್‌ಗೆ 16 ಬೈಟ್ ಜಾಗ ಇದೆ. ಯುಟಿಎಫ್ 8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. "ಕಣಜ" ಅಂದರೆ 9 ಬೈಟ್, ಧಾರಾಳವಾಗಿ ಹಿಡಿಯುತ್ತೆ.

ಫೈಲಿನ ಹೆಸರುಗಳು ಕನ್ನಡದಲ್ಲೇ ಇರಲಿ, ಆದರೆ ಲೆಕ್ಕ ಗೊತ್ತಿರಲಿ. ಇಎಕ್ಸ್‌ಟಿ4ರಲ್ಲೂ ಎಕ್ಸ್‌ಎಫ್‌ಎಸ್‌ನಲ್ಲೂ ಒಂದು ಹೆಸರಿಗೆ ಗರಿಷ್ಠ 255 ಬೈಟು. ಇಂಗ್ಲಿಷಿಗೆ 255 ಅಕ್ಷರ, ಕನ್ನಡಕ್ಕೆ 85 ಸಂಕೇತ. ನಮಗೆ ಒಂದು ಅಕ್ಷರವಾಗಿ ಕಾಣೋದು ಒಳಗೆ ಎರಡು ಮೂರು ಸಂಕೇತ ಇರಬಹುದು. "ಕ್ಷಿ" ಅಂದರೆ ನಾಲ್ಕು ಸಂಕೇತ, 12 ಬೈಟ್. "ರಾಜ್ಯೋತ್ಸವ" ಅಂದರೆ ಹತ್ತು ಸಂಕೇತ, 30 ಬೈಟ್. ವಿಂಡೋಸಿನ ಎನ್‌ಟಿಎಫ್‌ಎಸ್ ಎಣಿಸೋ ರೀತಿ ಬೇರೆ, ಅಲ್ಲಿ ಕನ್ನಡದ ಸಂಕೇತವೂ 255ರವರೆಗೆ ಹಿಡಿಯುತ್ತೆ. ಹಾಗಾಗಿ ಅಲ್ಲಿ ಚೆನ್ನಾಗಿದ್ದ ಉದ್ದನೆಯ ಕನ್ನಡ ಹೆಸರು ಇಲ್ಲಿಗೆ ನಕಲಾಗದೇ ನಿಲ್ಲಬಹುದು. ನಕಲು ಮುಗಿದ ಮೇಲೆ ದೋಷದ ಪಟ್ಟಿ ನೋಡಿ, ಕಡತಗಳ ಎಣಿಕೆ ಎರಡೂ ಕಡೆ ಹೋಲಿಸಿ. ಇಲ್ಲದಿದ್ದರೆ ಬಿಟ್ಟುಹೋಗೋದು ಕನ್ನಡದ ಹೆಸರಿರೋ ಕಡತಗಳೇ!

ಹಳೇ ನುಡಿ, ಬರಹದ ಯೂನಿಕೋಡ್ ಅಲ್ಲದ ಕಡತಗಳಿದ್ದರೆ ಯೂನಿಕೋಡಿಗೆ ತಿರುಗಿಸಿದ ಪ್ರತಿ ಮಾಡಿ. ಮೂಲವನ್ನೂ, ಅದಕ್ಕೆ ಬೇಕಾದ ಫಾಂಟನ್ನೂ ಪಕ್ಕದಲ್ಲೇ ಇಡಿ.

ಎಲ್‌ವಿಎಂ ಮಾಡದೇ ಇರೋದು ಏನು?

ಇದನ್ನ ಗಮನ ಕೊಟ್ಟು ಕೇಳಿ. ಎಲ್‌ವಿಎಂ ಬ್ಯಾಕಪ್ ಅಲ್ಲ. ಎರಡು ಡಿಸ್ಕು ಸುಮ್ಮನೆ ಜೋಡಿಸಿ ಒಂದು ದೊಡ್ಡ ವಾಲ್ಯೂಮ್ ಮಾಡಿದರೆ ಅಪಾಯ ಜಾಸ್ತಿಯಾಗುತ್ತೆ, ಎರಡರಲ್ಲಿ ಯಾವುದು ಕೆಟ್ಟರೂ ಆ ವಾಲ್ಯೂಮ್ ಹೋಗುತ್ತೆ. ಅದಕ್ಕೇ ಡಿಸ್ಕುಗಳನ್ನ ಜೋಡಿಯಾಗಿ ಕೊಳ್ಳಿ, ಎಲ್‌ವಿಕ್ರಿಯೇಟ್‌ಗೆ ರೇಡ್ 1 ಅಂತ ಹೇಳಿ. ಎರಡು ಡಿಸ್ಕಿನಲ್ಲೂ ಒಂದೊಂದು ಪ್ರತಿ ಕೂರುತ್ತೆ. ಮುಂದೆ ಬೆಳೆಸೋಕೂ ಎರಡು ಬೇರೆ ಡಿಸ್ಕಿನಲ್ಲಿ ಜಾಗ ಬೇಕು, ಒಂಟಿ ಡಿಸ್ಕು ಸಾಲದು.

ಸ್ನ್ಯಾಪ್‌ಶಾಟ್ ಕೂಡ ಬ್ಯಾಕಪ್ ಅಲ್ಲ, ಅದು ಇರೋದು ಅದೇ ಗ್ರೂಪಿನೊಳಗೆ. ರೇಡ್ ಕೂಡ ಅಲ್ಲ, ತಪ್ಪಿ ಅಳಿಸಿದ್ದು ಎರಡೂ ಕಡೆ ಅಳಿಯುತ್ತೆ. ಬ್ಯಾಕಪ್ ಅಂದರೆ ಇನ್ನೊಂದು ಊರಿನಲ್ಲಿ, ಇನ್ನೊಬ್ಬರ ಮನೆಯಲ್ಲಿ, ಓದಿ ನೋಡಿ ಸರಿಯಿದೆ ಅಂತ ಖಾತ್ರಿ ಮಾಡಿಕೊಂಡ ನಕಲು.

ಪಹಣಿಯ ನಕಲನ್ನೂ ಮರೆಯಬೇಡಿ. ಮೆಟಾಡೇಟಾದ ಪ್ರತಿ ಪ್ರತಿಯೊಂದು ಡಿಸ್ಕಿನಲ್ಲೂ ಇರುತ್ತೆ. ಜೊತೆಗೆ ಮಷೀನಿನ ಇಟಿಸಿ ಫೋಲ್ಡರಿನೊಳಗೆ ಎಲ್‌ವಿಎಂ ಅನ್ನೋ ಜಾಗದಲ್ಲಿ ಅಕ್ಷರರೂಪದಲ್ಲಿ ಇರುತ್ತೆ. ಅದನ್ನ ಒಂದು ಪೆನ್ ಡ್ರೈವಿಗೆ ಹಾಕಿ, ಒಂದು ಪ್ರಿಂಟ್ ತೆಗೆದು ಕೂಟದ ಫೈಲಿನಲ್ಲಿ ಇಡಿ. ಸರ್ವೆ ಕಲ್ಲು ಕಿತ್ತುಹೋದರೂ ಪಹಣಿ ಇದ್ದರೆ ಹೊಲ ಮತ್ತೆ ಗುರುತಿಸಬಹುದು.

ಇನ್ನು ಕರೆಂಟಿನ ವಿಷಯ. 2023ರ ಆಗಸ್ಟ್ 25ರ ರಾತ್ರಿ ಇಡೀ ಕೀನ್ಯಾ ಕತ್ತಲಾಯಿತು, ಏರ್‌ಪೋರ್ಟ್ ಕೂಡ ಬಿಡಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ, ಡಿಸೆಂಬರ್‌ನಲ್ಲಿ ಮತ್ತೆ ಆಯಿತು. ಒಂದು ಸಣ್ಣ ಯುಪಿಎಸ್ ಇಲ್ಲದೆ ಈ ಮಷೀನು ಇಡಬೇಡಿ. ಒಂದು ಸಮಾಧಾನದ ಸುದ್ದಿ ಇದೆ. ಸೋತ ಡಿಸ್ಕಿನಿಂದ ಹೊಸದಕ್ಕೆ ಗುಂಟೆಗಳನ್ನ ಸಾಗಿಸೋ ಪಿವಿಮೂವ್ ನಡುವೆ ಮಷೀನು ಆರಿಹೋದರೆ, ಮತ್ತೆ ಬರೀ ಪಿವಿಮೂವ್ ಅಂದರೆ ಸಾಕು. ಎಲ್ಲಿಯವರೆಗೆ ಗುರುತು ಹಾಕಿಕೊಂಡಿತ್ತೋ ಅಲ್ಲಿಂದ ಮುಂದುವರಿಸುತ್ತೆ.

ಈಗ ನಾವೇನು ಮಾಡಬೇಕು?

ಮೂರೇ ಕೆಲಸ. ಒಂದು, ಈ ತಿಂಗಳೊಳಗೆ ಪ್ರತಿ ಮನೆಯವರೂ ತಮ್ಮ ಹತ್ತಿರ ಇರೋ ಕನ್ನಡ ಕಾರ್ಯಕ್ರಮಗಳ ಕಡತಗಳ ಪಟ್ಟಿ ಮಾಡಿ: ಯಾವ ವರ್ಷದ್ದು, ಯಾರಿದ್ದಾರೆ, ಎಷ್ಟು ಗಾತ್ರ. ಎರಡು, ಒಬ್ಬರಲ್ಲ, ಕಡೇಪಕ್ಷ ಮೂರು ಜನ ಈ ಹೆಜ್ಜೆಗಳನ್ನ ಕೈಯಾರೆ ಮಾಡಿ ಕಲಿಯಿರಿ. ಎರಡು ಹಳೇ ಪೆನ್ ಡ್ರೈವ್ ಇಟ್ಟುಕೊಂಡೇ ಅಭ್ಯಾಸ ಮಾಡಬಹುದು. ಗೊತ್ತಿರೋ ಒಬ್ಬನೇ ಒಬ್ಬ ಊರು ಬಿಟ್ಟರೆ ಮತ್ತೆ ಅದೇ ಕಥೆ. ಮೂರು, ಮಾಡಿದ್ದೆಲ್ಲವನ್ನೂ ಕನ್ನಡದಲ್ಲಿ ಬರೆದಿಡಿ: ಯಾವ ಡಿಸ್ಕು, ಯಾವ ಸೀರಿಯಲ್ ನಂಬರು, ಯಾವ ದಿನ ಸೇರಿತು.

ಈ ಮಿಂಚೆ ಓದ್ತಿರೋ ಸಿಂಗಪುರದವರೇ, ಲಂಡನ್ನಿನವರೇ, ಸ್ಯಾನ್ ಹೋಸೆಯವರೇ, ನಿಮ್ಮೂರಿನ ಕಡತ ಯಾರ ಲ್ಯಾಪ್‌ಟಾಪಿನಲ್ಲಿದೆ? ಇವತ್ತೇ ಕೇಳಿ. ನಮ್ಮ ನಕಲು ನಿಮ್ಮಲ್ಲಿರಲಿ, ನಿಮ್ಮದು ನಮ್ಮಲ್ಲಿರಲಿ.

ಸಿರಿಗನ್ನಡಂ ಗೆಲ್ಗೆ!